ನಮ್ಮ ಕೆರೆಗೆ ‘ಟ್ಯಾಂಕ್’ ಅಂತ ಹೆಸರು ಬಂದ ಕಥೆ

ಕಳೆದ ಮಳೆಗಾಲದಲ್ಲಿ ಬಸವಾಪಟ್ಟಣದ ಒಂದು ಗೊಬ್ಬರದ ಅಂಗಡಿ ಮುಂದೆ ಮಳೆ ಬಿಡಲಿ ಅಂತ ಕಾಯ್ತಾ ನಿಂತಿದ್ದೆ. ಹೆಚ್ಚೆಂದರೆ ಹದಿನೈದು ನಿಮಿಷ. ಅಷ್ಟರಲ್ಲಿ ‘ಟ್ಯಾಂಕ್’ ಅನ್ನೋ ಒಂದೇ ಪದ ಐದು ಸಲ ಕಿವಿಗೆ ಬಿತ್ತು.

ಭತ್ತಕ್ಕೆ ಔಷಧಿ ತಗೊಳ್ಳೋಕೆ ಬಂದಿದ್ದ ಹಿರಿಯರು, “ಒಂದ್ ಟ್ಯಾಂಕಿಗೆ ಎಷ್ಟು ಹಾಕ್ಲಪ್ಪಾ?” ಅಂತ ಕೇಳಿದರು. ಅಂಗಡಿಯವರಿಗೆ ಮನೆಯಿಂದ ಫೋನ್ ಬಂತು, “ಟ್ಯಾಂಕ್ ತುಂಬಿ ಹರೀತಾ ಐತೆ, ಮೋಟ್ರು ಆಫ್ ಮಾಡೋಕೆ ಯಾರನ್ನಾದ್ರೂ ಕಳ್ಸ್ರಿ” ಅಂತ. ಬೈಕ್ ನಿಲ್ಲಿಸಿದ ಹುಡುಗನೊಬ್ಬ ಟ್ಯಾಂಕ್ ಅಲ್ಲಾಡಿಸಿ, ಕಿವಿಗೊಟ್ಟು, ದಾವಣಗೆರೆ ತನಕ ಹೋಗಬಹುದಾ ಅಂತ ಲೆಕ್ಕ ಹಾಕಿದ. ಇನ್ನೊಬ್ಬರು ಟ್ಯಾಂಕ್ ಕ್ಲೀನ್ ಮಾಡೋ ಗಾಡಿಯವರ ನಂಬರ್ ಹುಡುಕ್ತಾ ಇದ್ದರು. ಅದು ಶೌಚಾಲಯದ ಟ್ಯಾಂಕು. ಪಕ್ಕದಲ್ಲಿ ನಿಂತಿದ್ದ, ಯಾವುದೋ ಇಲಾಖೆಯ ಹಾಗೆ ಕಾಣ್ತಿದ್ದ ಒಬ್ಬರು ಫೋನಿನಲ್ಲಿ, “ಸೂಳೆಕೆರೆ ಟ್ಯಾಂಕಲ್ಲಿ ಲೆವೆಲ್ ಎಷ್ಟೈತೆ ಈಗ?” ಅಂತ ವಿಚಾರಿಸ್ತಾ ಇದ್ದರು.

ಬೆನ್ನಿಗೆ ಹಾಕುವ ಹದಿನಾರು ಲೀಟರಿನ ಡಬ್ಬಕ್ಕೂ ಟ್ಯಾಂಕ್. ಸುಮಾರು 6,550 ಎಕರೆಯಷ್ಟು ನೀರು ಹರಡಿಕೊಳ್ಳುವ ಕೆರೆಗೂ ಟ್ಯಾಂಕ್. ಕೇಳಿ ನಗು ಬರಬೇಕಿತ್ತು. ನನಗೆ ಬರಲಿಲ್ಲ, ಯಾಕೆಂದರೆ ಈ ಪದ ನಮ್ಮೂರಿಗೆ ಒಂದು ಬೆಳೆ ನಷ್ಟ ಮಾಡಿದೆ, ಮಾಡಿಸಿದವನು ನಾನೇ.

ಆಗ ನಾನು ಪದವಿ ಓದ್ತಿದ್ದೆ. ನಮ್ಮೂರ ಕೆರೆ ಚಿಕ್ಕದು, ಅದರ ಕೆಳಗಿನ ಗದ್ದೆ ಕೆಲವೇ ಮನೆಯವರದ್ದು. ಎರಡು ವರ್ಷದಿಂದ ತೂಬು ಸೋರ್ತಾ ಇತ್ತು. ಕಾರ್ತಿಕದಲ್ಲಿ ತುಂಬಿದ ಕೆರೆ ಸಂಕ್ರಾಂತಿ ಹೊತ್ತಿಗೆ ಅರ್ಧ, ಶಿವರಾತ್ರಿಗೆ ಕೆಸರು. ದೊಡ್ಡಪ್ಪ ಬಂದು, “ಓದಿದೋನು ನೀನೇ ಒಂದು ಅರ್ಜಿ ಬರಿಯೋ” ಅಂದರು. ಇಂಗ್ಲಿಷಿನಲ್ಲಿ ಬರೆದರೆ ತೂಕ ಜಾಸ್ತಿ ಅಂತ ನನ್ನ ಲೆಕ್ಕ. ನಮ್ಮ ಗ್ರಾಮದ ಟ್ಯಾಂಕ್ ಎರಡು ವರ್ಷದಿಂದ ಸೋರುತ್ತಿದೆ, ದುರಸ್ತಿ ಮಾಡಿಸಿಕೊಡಬೇಕು ಅಂತ ಚೆಂದವಾಗಿ ಇಂಗ್ಲಿಷಲ್ಲಿ ಟೈಪ್ ಮಾಡಿಸಿ ಕೊಟ್ಟೆ. ಎಲ್ಲರ ಸಹಿ, ಹೆಬ್ಬೆಟ್ಟು ಎಲ್ಲಾ ಇತ್ತು.

ತಿಂಗಳು ಬಿಟ್ಟು ಒಬ್ಬರು ಬಂದರು. ಊರೊಳಗೆ ಬಂದು ಸ್ಕೂಲಿನ ಪಕ್ಕದ ಓವರ್‌ಹೆಡ್ ಟ್ಯಾಂಕ್ ಸುತ್ತ ಒಂದು ಸುತ್ತು ಹಾಕಿ, ಮೇಲೆ ನೋಡಿ, ಫೋಟೋ ತೆಗೆದುಕೊಂಡು ಹೋದರು. ಟ್ಯಾಂಕ್ ಸುಸ್ಥಿತಿಯಲ್ಲಿದೆ, ಸೋರಿಕೆ ಕಂಡುಬಂದಿಲ್ಲ ಅಂತ ಬರೆದರಂತೆ. ಅವರನ್ನು ಬೈಯುವ ಹಾಗಿಲ್ಲ. ಅವರು ನೋಡಿದ ಟ್ಯಾಂಕ್ ನಿಜವಾಗಿಯೂ ಸೋರ್ತಾ ಇರಲಿಲ್ಲ. ಕಾಗದ ಫೈಲಿಗೆ ಹೋಯ್ತು, ಆ ವರ್ಷದ ಬೇಸಿಗೆ ಬೆಳೆಯೂ ಹೋಯ್ತು.

ಆಮೇಲೆ ನಾನು ಈ ಪದದ ಹಿಂದೆ ಬಿದ್ದೆ.

ಹೋದ ಪದ ಮರಳಿ ಬಂತು

ಟ್ಯಾಂಕ್ ಅಪ್ಪಟ ಇಂಗ್ಲಿಷ್ ಪದ ಅಂತ ನಾವು ಅಂದುಕೊಂಡಿದ್ದೇವೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ. ಗುಜರಾತಿನಲ್ಲಿ ಮನೆಯ ಕೆಳಗೆ ಮಳೆನೀರು ಕೂಡಿಡುವ ನೆಲಮಾಳಿಗೆಯಂಥ ತೊಟ್ಟಿಗೆ ‘ಟಾಂಕುಂ’ ಅಂತಾರೆ. ಮರಾಠಿಯಲ್ಲಿ ‘ಟಾಂಕೆ’. ರಾಜಸ್ಥಾನದ ಮರಳುಗಾಡಿನಲ್ಲಿ ‘ಟಾಂಕಾ’. ನಮ್ಮ ಉತ್ತರ ಕರ್ನಾಟಕದ ಕಡೆ ‘ಟಾಕಿ’ ಅನ್ನೋದೂ ಇದೇ ಬಳಗದ್ದು.

ಪೋರ್ಚುಗೀಸರಲ್ಲಿ ‘ಟಾಂಕೆ’ ಅಂತ ಹೋಲುವ ಪದವೊಂದು ಮೊದಲೇ ಇತ್ತು. ಹರಿಯುವ ನೀರನ್ನು ಕಟ್ಟಿ ನಿಲ್ಲಿಸುವುದಕ್ಕೆ ಸಂಬಂಧಿಸಿದ್ದು. 1498ರಲ್ಲಿ ಕಲ್ಲಿಕೋಟೆಗೆ, 1510ರಲ್ಲಿ ಗೋವಾಕ್ಕೆ ಅವರು ಬಂದ ಮೇಲೆ ಆ ಪದವೂ ಈ ಪದವೂ ಪಶ್ಚಿಮ ಕರಾವಳಿಯಲ್ಲಿ ಮುಖಾಮುಖಿಯಾದವು. ಯಾವುದು ಯಾವುದಕ್ಕೆ ಮೂಲ ಅಂತ ಪಂಡಿತರು ಇನ್ನೂ ಜಗಳ ಮುಗಿಸಿಲ್ಲ. ಎರಡೂ ಸೇರಿ ಒಂದಾದವು ಅನ್ನೋರೇ ಹೆಚ್ಚು. ಮೇಜು, ಚಾವಿ ಇವೆಲ್ಲ ಪೋರ್ಚುಗೀಸರು ಬಿಟ್ಟುಹೋದ ಪದಗಳೇ. ನಾವು ಅವನ್ನು ಪರಕೀಯ ಅಂತ ಎಣಿಸೋದೇ ಇಲ್ಲ.

1600ರ ನಂತರ ಸೂರತ್ತಿಗೆ ಬಂದ ಇಂಗ್ಲಿಷ್ ವ್ಯಾಪಾರಿಗಳು ಈ ಪದ ಎತ್ತಿಕೊಂಡರು. ಅವರ ದೇಶದಲ್ಲಿ ವರ್ಷಪೂರ್ತಿ ಹನಿಯುವ ಮಳೆ. ನಾಲ್ಕು ತಿಂಗಳ ನೀರನ್ನು ಹನ್ನೆರಡು ತಿಂಗಳು ಕಾಪಾಡಬೇಕು ಅನ್ನೋ ಕಷ್ಟ ಅವರಿಗಿರಲಿಲ್ಲ, ಹಾಗಾಗಿ ಅದಕ್ಕೆ ತಕ್ಕ ಪದವೂ ಇರಲಿಲ್ಲ. ಇಲ್ಲಿ ಕಂಡ ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಪುಷ್ಕರಣಿ, ಕಲ್ಯಾಣಿ ಎಲ್ಲಕ್ಕೂ ಅವರು ಒಂದೇ ಹೆಸರು ಇಟ್ಟರು. ಅದು ಇಂಗ್ಲೆಂಡಿಗೆ ಹೋಗಿ ಅಲ್ಲಿ ನೀರಿನ ಪೆಟ್ಟಿಗೆ, ಎಣ್ಣೆಯ ಪೀಪಾಯಿ ಆಯಿತು. ಆಮೇಲೆ ಕಬ್ಬಿಣದ ರೂಪದಲ್ಲಿ ನಮ್ಮಲ್ಲಿಗೆ ವಾಪಸ್ ಬಂತು.

ಸೂಳೆಕೆರೆ ಕೆರೆ

ಬಸವಾಪಟ್ಟಣಕ್ಕೆ ಈ ಕಥೆಯಲ್ಲಿ ಒಂದು ಜಾಗ ಇದೆ. ಇವತ್ತು ನಾವು ಹೋಬಳಿ ಊರು, ಸಂತೆ ಊರು ಅಷ್ಟೇ ಅಂತ ನೋಡುತ್ತೇವೆ. ಒಂದು ಕಾಲಕ್ಕೆ ಇದು ಪಾಳೆಯಗಾರರ ರಾಜಧಾನಿ. ಬಿಜಾಪುರದ ರಣದುಲ್ಲಾ ಖಾನ್ ಹದಿನೇಳನೆಯ ಶತಮಾನದಲ್ಲಿ ಇದನ್ನು ಗೆದ್ದ. 1687ರ ಮೇಲೆ ಮೊಗಲರು ಸಿರಾ ಸುಬಾ ಕಟ್ಟಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಕೋಲಾರ, ದೊಡ್ಡಬಳ್ಳಾಪುರದ ಸಾಲಿನಲ್ಲಿ ನಮ್ಮ ಊರಿನ ಹೆಸರು. ಸೈನ್ಯಕ್ಕೂ ಸುಂಕಕ್ಕೂ ಬೇಕಾಗೋದು ಅನ್ನ, ಅನ್ನಕ್ಕೆ ಬೇಕಾಗೋದು ನೀರು. ಈ ಸೀಮೆಗೆ ನೀರಿತ್ತು.

ಆ ನೀರಿನಲ್ಲಿ ದೊಡ್ಡದು ಸೂಳೆಕೆರೆ. ಹನ್ನೊಂದು, ಹನ್ನೆರಡನೆಯ ಶತಮಾನದ್ದು ಅಂತ ಹೇಳುತ್ತಾರೆ. ಕೆರೆಬಿಳಚಿ ಕಡೆಯಿಂದ ಹೋಗಿ ಏರಿ ಮೇಲೆ ನಿಂತವರಿಗೆ ಅದರ ಜಾಣತನ ತಿಳಿಯುತ್ತದೆ. ಇಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಗಿಡ್ಡ, ಸುಮಾರು ಸಾವಿರ ಅಡಿಯೊಳಗೆ. ಎರಡು ಗುಡ್ಡ ಹತ್ತಿರ ಬರುವ ಬಾಯಿಯನ್ನು ನೋಡಿಕೊಂಡು ಅಲ್ಲಿಗೆ ಅಡ್ಡ ಕಟ್ಟಿದ್ದಾರೆ, ಮಿಕ್ಕ ಕೆಲಸ ಗುಡ್ಡಗಳೇ ಮಾಡಿವೆ. ಸಿದ್ದನ ತೂಬು, ಬಸವನ ತೂಬು ಅಂತ ಎರಡು ತೂಬು. ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತದೆ. ಮಾರಿಕಣಿವೆ ಜಲಾಶಯ 1907ರಲ್ಲಿ ಮುಗಿಯುವ ತನಕ ಮೈಸೂರು ಸಂಸ್ಥಾನದಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಈಗಲೂ ಚಿತ್ರದುರ್ಗದವರು ಕುಡಿಯುವುದು ಇದೇ ನೀರು.

ಹೆಸರಿನ ಕಥೆ ನಿಮಗೆ ಗೊತ್ತಿರುತ್ತದೆ. ಸ್ವರ್ಗಾವತಿ ಅನ್ನೋ ಪಟ್ಟಣದ ದೊರೆಯ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಳು. ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಜಾಗ ಬಿಡ್ತೇವೆ, ಕೆರೆಗೆ ನಮ್ಮ ಹೆಸರು ಇಡಬೇಕು ಅಂದರು ಅವರು. ಒಪ್ಪಂದ ಆಯ್ತು. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಆದರೆ ಆ ಹೆಂಗಸರ ಷರತ್ತು ಮಾತ್ರ ಬಹಳ ಕಡೆ ಬರುತ್ತದೆ. ಈಗ ಬೋರ್ಡುಗಳಲ್ಲಿ ‘ಶಾಂತಿಸಾಗರ’. ಹೆಸರು ಹೇಳಲು ನಾಚಿಕೆ ಅಂತ ಬದಲಾಯಿಸಿದವರ ಸಂಕಟ ಅರ್ಥವಾಗುತ್ತದೆ. ಆದರೆ ಮನೆ ಬಿಟ್ಟುಕೊಟ್ಟವರು ಕೇಳಿದ್ದು ಅದೊಂದನ್ನೇ ಅಲ್ಲವಾ? ಊರಿನವರು ಇನ್ನೂ ಸೂಳೆಕೆರೆ ಅಂತಲೇ ಕರೆಯೋದು ನನಗೆ ಸಮಾಧಾನ.

ಇಂಗ್ಲಿಷ್ ಕಡತಗಳಲ್ಲಿ ಮೂರನೆಯ ಹೆಸರು: ‘ಸೂಳೆಕೆರೆ ಟ್ಯಾಂಕ್’. ಅಂದರೆ ಸೂಳೆ ಕೆರೆ ಕೆರೆ!

ನಮ್ಮ ಬೋರ್ಡುಗಳು ‘ಏಷ್ಯಾದ ಎರಡನೇ ದೊಡ್ಡ ಕೆರೆ’ ಅಂತಲೂ ಹೇಳುತ್ತವೆ. ಈ ಹೆಮ್ಮೆ ಪೂರ್ತಿ ಪದದ ಮೇಲೆ ನಿಂತಿದೆ ನೋಡಿ. ‘ಲೇಕ್’ ಅಂದರೆ ಏಷ್ಯಾದಲ್ಲಿ ಸಮುದ್ರದಂಥ ಸರೋವರಗಳೇ ಇವೆ. ‘ರಿಸರ್ವಾಯರ್’ ಅಂದರೆ ಲಕ್ಕವಳ್ಳಿಯ ಭದ್ರಾ ಡ್ಯಾಮೇ ಇದಕ್ಕಿಂತ ದೊಡ್ಡದು. ‘ನೀರಾವರಿ ಟ್ಯಾಂಕ್’ ಅಂದಾಗ ಮಾತ್ರ ನಾವು ಆ ಎರಡನೇ ಸ್ಥಾನದ ಮಾತು ಆಡಲು ಆಗುತ್ತದೆ. ಒಂದು ಸಲವಾದರೂ ಆ ಪದ ನಮಗೆ ಉಪಕಾರ ಮಾಡಿದೆ ಅನ್ನಿ.

ಹತ್ತಿರದ ಸಂತೇಬೆನ್ನೂರಿಗೆ ಹೋದರೆ ಇನ್ನೊಂದು ಥರದ ‘ಟ್ಯಾಂಕ್’. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ನಡುವೆ ವಸಂತ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಕೆರೆ ಬೆಳೆಗೆ, ಪುಷ್ಕರಣಿ ದೇವರಿಗೆ. ಒಂದಕ್ಕೆ ಹಳ್ಳ ಬೇಕು, ಇನ್ನೊಂದಕ್ಕೆ ಒರತೆ ಸಾಕು. ನಮ್ಮ ಅಜ್ಜಿಯಂದಿರು ಎರಡನ್ನೂ ಒಂದೇ ಅಂತ ಕನಸಲ್ಲೂ ಅನ್ನುತ್ತಿರಲಿಲ್ಲ. ಇಂಗ್ಲಿಷ್ ಪ್ರವಾಸಿ ಪುಸ್ತಕದಲ್ಲಿ ಎರಡೂ ಟ್ಯಾಂಕ್.

ಕೋಡಿ ‘ವೇಸ್ಟ್’ ಆಗಿದ್ದು ಹೇಗೆ

ಹೆಸರಿನ ಗೊಂದಲ ಮಾತ್ರ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆರೆ ಅಂದರೆ ಬರೀ ನೀರು ತುಂಬಿದ ಗುಂಡಿ ಅಲ್ಲ. ನೀರು ಬರುವ ಹಳ್ಳ, ಅಂಗಳ, ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲಾ ಸೇರಿದರೆ ಕೆರೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ. ಮನುಷ್ಯರೂ ಅದರ ಭಾಗ: ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ನೀರುಗಂಟಿ, ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟುಕೊಟ್ಟ ಕೊಡಗೆ ಭೂಮಿ, ಬೇಸಿಗೆಯಲ್ಲಿ ಹೂಳು ಹೊತ್ತು ಹೊಲಕ್ಕೆ ಹಾಕುವ ಗಾಡಿಗಳು.

‘ಟ್ಯಾಂಕ್’ ಅನ್ನೋ ಮಾತಿಗೆ ಇದರಲ್ಲಿ ಯಾವುದೂ ಅಂಟಿಕೊಂಡಿಲ್ಲ. ಅದಕ್ಕೆ ತಳ, ನಾಲ್ಕು ಗೋಡೆ, ಇಷ್ಟು ಲೀಟರ್. ತುಂಬುವುದು, ಖಾಲಿಯಾಗುವುದು, ಅಷ್ಟೇ.

ಮೈಸೂರು 1831ರಲ್ಲಿ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೆ ಕೆರೆಗಳು ಕಡತಕ್ಕೆ ಬಂದವು. 1856ರಲ್ಲಿ ಲೋಕೋಪಯೋಗಿ ಇಲಾಖೆ ಶುರುವಾಯಿತು. ಆಮೇಲೆ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಸಾಹೇಬರು ಇಲ್ಲಿನ ಕೆರೆಗಳ ಸರಣಿ ನೋಡಿ ಬೆರಗಾದರು. ಹೊಸ ಕೆರೆ ಕಟ್ಟಲು ಜಾಗ ಹುಡುಕೋದೇ ಕಷ್ಟ, ಅಷ್ಟು ಚೆನ್ನಾಗಿ ಎಲ್ಲ ಹಳ್ಳಗಳನ್ನೂ ಬಳಸಿದ್ದಾರೆ ಅನ್ನೋ ಅರ್ಥದಲ್ಲಿ ಬರೆದರು. ಅವರಿಗೆ ನಮ್ಮ ಕೆಲಸ ಅರ್ಥವಾಗಿತ್ತು. ಆದರೆ ಕಡತದ ಭಾಷೆ ಬೇರೆ. ಅದರಲ್ಲಿ ಏರಿ ‘ಬಂಡ್’, ತೂಬು ‘ಸ್ಲೂಸ್’, ಅಚ್ಚುಕಟ್ಟು ‘ಆಯಕಟ್’ ಆದವು. ಕೋಡಿ ‘ವೇಸ್ಟ್ ವಿಯರ್’ ಆಯಿತು.

ವೇಸ್ಟ್! ಕೆರೆ ಕೋಡಿ ಬಿದ್ದರೆ ನಾವು ಬಾಗಿನ ಬಿಡುತ್ತೇವೆ. ಊರ ಹೆಂಗಸರು ಹೊಸ ಸೀರೆ ಉಟ್ಟು ಅರಿಶಿನ ಕುಂಕುಮ ಹಿಡಿದು ಏರಿ ಮೇಲೆ ಹೋಗುತ್ತಾರೆ. ಕೆಳಗಿನ ಊರಿನವರು ಆ ಕೋಡಿಯ ನೀರಿಗೇ ಕಾಯುತ್ತಿರುತ್ತಾರೆ. ಕೆರೆಯನ್ನು ಪಾತ್ರೆ ಅಂತ ನೋಡುವವನಿಗೆ ಮಾತ್ರ ಅದು ಚೆಲ್ಲಿಹೋದ ನೀರು. ಎಂಜಿನಿಯರಿಂಗ್‌ನಲ್ಲಿ ಆ ಪದಕ್ಕೆ ಅದರದೇ ಅರ್ಥ ಇದೆ, ‘ಹೆಚ್ಚುವರಿ’ ಅಂತ, ಒಪ್ಪುತ್ತೇನೆ. ಆದರೂ ನಮ್ಮ ಕಡೆ ಕೋಡಿ ಹಳ್ಳಗಳನ್ನು ಮುಚ್ಚಿ ತೋಟ ಮಾಡಿದವರನ್ನು ಕೇಳಿದರೆ, “ಅದೇನ್ ಬಿಡ್ರಿ, ವೇಸ್ಟ್ ಜಾಗ” ಅನ್ನುತ್ತಾರೆ. ಪದ ಹೇಗೆ ಕೆಳಗಿಳಿಯಿತು ಅಂತ ನೀವೇ ನೋಡಿ.

ಕಮಿಷನರ ಕಾಲದಿಂದ ಚಿಕ್ಕ ಕೆರೆಗಳ ಮಣ್ಣು ಕೆಲಸ ರೈತರ ಹೆಗಲಿಗೆ, ಕಲ್ಲು ಗಾರೆ ಕೆಲಸ ಸರ್ಕಾರಕ್ಕೆ ಅಂತ ಪಾಲಾಯಿತು. ಕೆರೆ ಸರ್ಕಾರದ್ದು ಅಂತ ಆದ ಮೇಲೆ ರೈತರ ಕೈ ಸಡಿಲವಾಯಿತು. 1911ರಲ್ಲಿ ಸಂಸ್ಥಾನ ಟ್ಯಾಂಕ್ ಪಂಚಾಯ್ತಿ ರೆಗ್ಯುಲೇಷನ್ ತಂದು ಮತ್ತೆ ಹಳ್ಳಿಯವರನ್ನು ಸೇರಿಸಲು ನೋಡಿತು. ಅದಾಗಿ ಸುಮಾರು ತೊಂಬತ್ತು ವರ್ಷದ ಮೇಲೆ ವಿಶ್ವಬ್ಯಾಂಕ್ ಸಾಲದಲ್ಲಿ ಜಲಸಂವರ್ಧನೆ ಯೋಜನೆ ಬಂತು, ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಎರಡು ಸಲವೂ ಮಾಡಲು ಹೊರಟಿದ್ದು ಒಂದೇ, ಮೊದಲು ಇದ್ದದ್ದನ್ನು ಮತ್ತೆ ತರುವುದು. ನಮ್ಮ ಕಡೆಯ ಕೆಲವು ಸಂಘಗಳ ಬೋರ್ಡು ಇನ್ನೂ ಇದೆ.

ಬೆಂಗಳೂರಿನವರ ಕಥೆ ಇನ್ನೂ ಬೇರೆ. ಧರ್ಮಾಂಬುಧಿ ಟ್ಯಾಂಕ್ ಈಗ ನೀವು ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ. ಹತ್ತಿರದಲ್ಲೇ ಒಂದು ಟ್ಯಾಂಕ್ ಬಂಡ್ ರಸ್ತೆ ಇದೆ, ಟ್ಯಾಂಕೂ ಇಲ್ಲ, ಬಂಡೂ ಇಲ್ಲ. ಸಂಪಂಗಿ ಟ್ಯಾಂಕ್ ಕಂಠೀರವ ಕ್ರೀಡಾಂಗಣ ಆಯಿತು. ಗದ್ದೆಗಳು ಹೋದ ಮೇಲೆ ಉಳಿದವು ‘ಲೇಕ್’ ಆದವು, ವಾಕಿಂಗ್ ಮಾಡೋಕೆ. 2014ರ ಕಾನೂನಿನಲ್ಲಿ ಪ್ರಾಧಿಕಾರದ ಇಂಗ್ಲಿಷ್ ಹೆಸರಿನಲ್ಲಿ ‘ಲೇಕ್’ ಇತ್ತು, 2018ರಲ್ಲಿ ತಿದ್ದುಪಡಿ ಮಾಡಿ ‘ಟ್ಯಾಂಕ್’ ಅಂತ ಮಾಡಿದರು. ಕನ್ನಡದಲ್ಲಿ ಆಗಲೂ ಈಗಲೂ ಕೆರೆ.

ಊರೊಳಗೆ ಬಂದ ಟ್ಯಾಂಕ್

ಈ ನಡುವೆ ಟ್ಯಾಂಕಿಗೆ ಯುದ್ಧದ ಅರ್ಥವೂ ಬಂತು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರು ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಗುಟ್ಟಾಗಿ ಉಕ್ಕಿನ ಬಂಡಿ ತಯಾರಿಸುತ್ತಿದ್ದರು. ಗುಟ್ಟು ಬಯಲಾಗಬಾರದು ಅಂತ ಇದು ಮೆಸೊಪೊಟೇಮಿಯಾದ ಮರುಭೂಮಿಗೆ ನೀರು ಸಾಗಿಸುವ ವಾಹನ ಅಂತ ಸುದ್ದಿ ಹಬ್ಬಿಸಿದರು. 1915ರ ಕೊನೆಯಲ್ಲಿ ‘ಟ್ಯಾಂಕ್’ ಅನ್ನೋ ಸುಳ್ಳು ಹೆಸರು ಗಟ್ಟಿಯಾಯಿತು, 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಯುದ್ಧಭೂಮಿಗೆ ಅದು ಇಳಿಯಿತು. ಸುಳ್ಳು ಹೇಳಲು ಇಟ್ಟ ಹೆಸರೇ ನಿಜದ ಹೆಸರಾಗಿ ಉಳಿಯಿತು. ಟಿವಿಯಲ್ಲಿ ಕೆಲವೊಮ್ಮೆ ‘ಯುದ್ಧ ಟ್ಯಾಂಕರ್’ ಅಂತ ಹೇಳಿಬಿಡುತ್ತಾರೆ, ಆಗ ನನಗೆ ನೆನಪಾಗೋದು ಬೇಸಿಗೆಯಲ್ಲಿ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ನೀರು ಹೊತ್ತು ರಾತ್ರಿಯೆಲ್ಲಾ ಓಡುವ ಟ್ಯಾಂಕರ್‌ಗಳು. ಅದೂ ಒಂದು ಯುದ್ಧವೇ.

‘ಥಿಂಕ್ ಟ್ಯಾಂಕ್’ಗೆ ನಮ್ಮ ಪತ್ರಿಕೆಯವರು ‘ಚಿಂತಕರ ಚಾವಡಿ’ ಅಂದರು. ಯೋಚನೆಯನ್ನು ಡಬ್ಬದಲ್ಲಿ ತುಂಬಿಡದೆ ಚಾವಡಿಯಲ್ಲಿ ಕೂರಿಸಿದ ಆ ಪುಣ್ಯಾತ್ಮ ಯಾರೋ, ಕನ್ನಡ ಬಲ್ಲವನು.

ಹಳ್ಳಿಗಳಿಗೆ ಟ್ಯಾಂಕ್ ಅನ್ನೋದು ಮನೆಮಾತಾಗಿ ಬಂದದ್ದು ಬೋರ್‌ವೆಲ್ ಜೊತೆ. 1983ರಿಂದ 88ರವರೆಗೆ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರು ಕೊರೆಸಿ ‘ನೀರ್ ಸಾಬ್’ ಅಂತಲೇ ಹೆಸರಾದರು. ಮೊದಲು ಕೈಪಂಪು, ಆಮೇಲೆ ಮೋಟರು, ಮೋಟರಿಗೆ ತೊಂಬೆ, ತೊಂಬೆಯಿಂದ ಓವರ್‌ಹೆಡ್ ಟ್ಯಾಂಕ್. ಎರಡು ಮೈಲಿ ಕೊಡ ಹೊರುವುದು ತಪ್ಪಿದ ಹೆಂಗಸರನ್ನು ಕೇಳಿ, ಟ್ಯಾಂಕಿನ ಬೆಲೆ ಅವರು ಹೇಳುತ್ತಾರೆ. ಆ ಪದವನ್ನು ನಾನು ಎಷ್ಟು ಬೈದರೂ ಈ ಉಪಕಾರ ಮರೆಯುವ ಹಾಗಿಲ್ಲ. ಈಗ ಜಲಜೀವನ ಯೋಜನೆಯಲ್ಲಿ ಮನೆಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋ ಲೆಕ್ಕ.

ಮನೆ ಮೇಲಿನ ಕಪ್ಪು ಟ್ಯಾಂಕಿಗೆ ಯಾವ ಕಂಪನಿದಾದರೂ ನಾವು ‘ಸಿಂಟೆಕ್ಸ್’ ಅಂತೇವೆ. 1975ರಲ್ಲಿ ಅದನ್ನು ಮಾಡಲು ಶುರುಮಾಡಿದ್ದು ಗುಜರಾತಿನ ಕಲೋಲ್ ಎಂಬ ಊರಿನ ಕಂಪನಿ. ‘ಟಾಂಕುಂ’ ಹೊರಟ ಗುಜರಾತಿನಿಂದಲೇ ಪ್ಲಾಸ್ಟಿಕ್ ಟ್ಯಾಂಕೂ ಬಂದು ನಮ್ಮ ತಾರಸಿ ಮೇಲೆ ಕೂತಿದೆ.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಗ್ರಾಮ ಪಂಚಾಯ್ತಿಯಲ್ಲಿ ಟ್ಯಾಂಕಿಗೆ ನೀರು ತುಂಬಿಸಿ ವಾಲ್ವ್ ತಿರುಗಿಸುವವರನ್ನು ನಾವು ವಾಟರ್‌ಮನ್ ಅನ್ನುತ್ತೇವೆ, ಆದರೆ ಪಂಚಾಯ್ತಿ ಪುಸ್ತಕದಲ್ಲಿ ಅವರ ಹುದ್ದೆಯ ಹೆಸರು ‘ನೀರುಗಂಟಿ’. ಕೆರೆಯ ಹುದ್ದೆ ಸದ್ದಿಲ್ಲದೆ ಟ್ಯಾಂಕಿಗೆ ವರ್ಗವಾಗಿದೆ. ಹಿಂದೆ ಹಾರೆ ಹಿಡಿದು ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ತೀರ್ಮಾನ ಮಾಡುತ್ತಿದ್ದವರು, ಈಗ ಕರೆಂಟ್ ಬರುವ ಹೊತ್ತು ಕಾಯುತ್ತಾ ಕೂರುತ್ತಾರೆ. ಭದ್ರಾ ನಾಲೆ ಮೇಲೆ ಆ ಕೆಲಸ ಮಾಡುವವರು ಸೌಡಿಗಳು. ನೀರುಗಂಟಿಗೂ ಸೌಡಿಗೂ ಸಂಬಳ ಸರಿಯಾಗಿ ಬಾರದ ದೂರು ಮಾತ್ರ ಒಂದೇ ಥರ ಕೇಳಿಬರುತ್ತದೆ.

ಎರಡು ಟ್ಯಾಂಕ್, ಸ್ವಲ್ಪ ಎಚ್ಚರ

ಅಂಗಡಿ ಮುಂದೆ ಕೇಳಿದ ಐದರಲ್ಲಿ ಎರಡು ಟ್ಯಾಂಕಿನ ಬಗ್ಗೆ ಹೇಳಲೇಬೇಕು.

ಮೊದಲನೆಯದು ಔಷಧಿ ಟ್ಯಾಂಕ್. ನಮ್ಮಲ್ಲಿ ಟ್ಯಾಂಕ್ ಈಗ ಅಳತೆಯೇ ಆಗಿಬಿಟ್ಟಿದೆ, ಸೇರು ಪಾವಿನ ಹಾಗೆ. “ಎಕರೆಗೆ ಹತ್ತು ಟ್ಯಾಂಕ್ ಹೊಡ್ದೆ” ಅಂತೇವೆ. ಆದರೆ ಸೇರಿಗೆ ಒಂದು ನಿಶ್ಚಿತ ಅಳತೆ ಇತ್ತು, ಟ್ಯಾಂಕಿಗಿಲ್ಲ. ಒಬ್ಬರದ್ದು ಹದಿನಾರು ಲೀಟರು, ಇನ್ನೊಬ್ಬರದ್ದು ಇಪ್ಪತ್ತು. ಬಾಟಲಿ ಮೇಲೆ ಎಕರೆಗೆ 200 ಲೀಟರ್ ನೀರಿನಲ್ಲಿ 200 ಎಂಎಲ್ ಅಂತ ಇದೆ ಅಂದುಕೊಳ್ಳಿ. ಇಪ್ಪತ್ತರ ಟ್ಯಾಂಕಿಗೆ 20 ಎಂಎಲ್ ಹಾಕಿ ಹತ್ತು ಟ್ಯಾಂಕ್ ಹೊಡೆದರೆ ಸರಿ. ಅದೇ 20 ಎಂಎಲ್ ಅನ್ನು ಹದಿನಾರರ ಟ್ಯಾಂಕಿಗೆ ಹಾಕಿ ಅಷ್ಟೇ ನೀರು ಹೊಡೆಯಲು ಹನ್ನೆರಡೂವರೆ ಟ್ಯಾಂಕ್ ಮಾಡಿದರೆ 250 ಎಂಎಲ್ ಹೋಯ್ತು. ಕಾಲು ಭಾಗ ಜಾಸ್ತಿ ದುಡ್ಡು, ಜಾಸ್ತಿ ವಿಷ. ಆ ದಿನ ಅಂಗಡಿಯವರು ಆ ಹಿರಿಯರಿಗೆ, “ಒಂದ್ ಮುಚ್ಚಳ ಹಾಕಿ ಯಜಮಾನ್ರೆ” ಅಂದುಬಿಟ್ಟರು. ಯಾವ ಮುಚ್ಚಳ, ಯಾವ ಟ್ಯಾಂಕ್ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮಳೆ ಬಿಟ್ಟಿತ್ತು, ಹೊರಟುಬಿಟ್ಟೆ.

ಎರಡನೆಯದು ಸೆಪ್ಟಿಕ್ ಟ್ಯಾಂಕ್. ಮನೆಮನೆಗೆ ಶೌಚಾಲಯ ಆದವು, ಬಹಳ ಒಳ್ಳೆಯದು. ಟ್ಯಾಂಕ್ ತುಂಬಿದಾಗ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಮುಚ್ಚಿದ ಟ್ಯಾಂಕಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಮೀಥೇನ್, ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲ ತುಂಬಿರುತ್ತದೆ. ಇಳಿದವರು ಕೂಗಲೂ ಆಗದೆ ಬೀಳುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ಮನುಷ್ಯರನ್ನು ರಕ್ಷಣೆ ಇಲ್ಲದೆ ಇಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ; ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಆ ದಿನ ಗಾಡಿಯವರ ನಂಬರ್ ಹುಡುಕುತ್ತಿದ್ದವರು ಸರಿಯಾದ ಕೆಲಸ ಮಾಡುತ್ತಿದ್ದರು. ಸಾವಿರ ರೂಪಾಯಿ ಉಳಿಸಲು ಹೋಗಿ ಯಾರನ್ನೋ ಕರೆದು ಇಳಿಸುವವರು ಇನ್ನೂ ಇದ್ದಾರೆ, ಯಾರನ್ನು ಕರೆಯುತ್ತಾರೆ ಅಂತಲೂ ನಮಗೆಲ್ಲ ಗೊತ್ತು.

ಮತ್ತೆ ನಮ್ಮ ತೂಬು

ಎರಡನೇ ಅರ್ಜಿ ಬರೆಯುವಾಗ ದೊಡ್ಡಪ್ಪ ಪಕ್ಕದಲ್ಲೇ ಕೂತರು. ಕನ್ನಡದಲ್ಲೇ ಬರೆದೆ. ಅವರು ಹೇಳಿದ ಪದಗಳನ್ನೇ ಹಾಕಿದೆ: ಕೆರೆ, ಏರಿ, ತೂಬಿನ ಕಲ್ಲು ಸರಿದಿರುವುದು, ಅಚ್ಚುಕಟ್ಟು ಎಷ್ಟು ಎಕರೆ. ಪಹಣಿ ತೆಗೆಸಿ ಕೆರೆಯ ಸರ್ವೆ ನಂಬರ್ ಬರೆದೆ. ಆವಾಗಲೇ ಗೊತ್ತಾಗಿದ್ದು, ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆ ಜಿಲ್ಲಾ ಪಂಚಾಯ್ತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ನಾನು ಮೊದಲ ಅರ್ಜಿ ಕೊಟ್ಟಿದ್ದು ಕುಡಿಯುವ ನೀರಿನವರಿಗೆ. ತಪ್ಪು ಪದ ತಪ್ಪು ಬಾಗಿಲಿಗೆ ಕರೆದೊಯ್ದಿತ್ತು.

ಅರ್ಜಿ ತಗೊಂಡ ಹುಡುಗ ಓದಿ, ತಲೆ ಎತ್ತಿ ಕೇಳಿದ: “ಕೆರೆ ಅಂದ್ರೆ ಟ್ಯಾಂಕ್ ಅಲ್ವಾ ಸಾರ್?”

“ಅಲ್ಲ,” ಅಂದರು ದೊಡ್ಡಪ್ಪ.

ಅವನು ಮೇಲುಗಡೆ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ‘ಎಂ.ಐ. ಟ್ಯಾಂಕ್’ ಅಂತಲೇ ಬರೆದುಕೊಂಡ. ಆದರೆ ಈ ಸಲ ಬಂದವರು ಊರೊಳಗೆ ಬರಲಿಲ್ಲ, ನೇರ ಏರಿ ಮೇಲೆ ಬಂದರು. ತೂಬಿಗೆ ಹೊಸ ಕಲ್ಲು ಕೂತಿದ್ದು ಅದಾದ ಎರಡನೇ ಬೇಸಿಗೆಯಲ್ಲಿ. ಹೋದ ವರ್ಷ ಯುಗಾದಿ ತನಕ ನೀರು ನಿಂತಿತ್ತು.